ಹಾಂಗ್‌ಕೌ: ಪಾಸ್ ಇಲ್ಲದೆ ದಾಟಲಾಗದಿದ್ದ ಬೀದಿಗಳು

ಶಾಂಘೈ ನೋಡಲು ಹೋದವರಲ್ಲಿ ಹೆಚ್ಚಿನವರು ಬಂಡ್ ನದೀದಂಡೆಯ ಭವ್ಯ ಕಟ್ಟಡಗಳ ಎದುರು ನಿಂತು ಮರಳುತ್ತಾರೆ. ಅಲ್ಲಿಂದ ಈಶಾನ್ಯಕ್ಕೆ, ಸುಝೌ ಹೊಳೆಯ ಆಚೆಗಿರುವ ಹಾಂಗ್‌ಕೌ ಪ್ರದೇಶವನ್ನು ನೋಡಲೇಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಮೆಟ್ರೊದ 12ನೇ ಮಾರ್ಗದ ತಿಲಾನ್‌ಚಿಯಾವ್ ನಿಲ್ದಾಣದಲ್ಲಿ ಇಳಿದರೆ ಚಾಂಗ್‌ಯಾಂಗ್ ರಸ್ತೆಯಲ್ಲಿ ಓಹೆಲ್ ಮೋಶೆ ಎಂಬ ಹಳೆಯ ಯಹೂದಿ ಪ್ರಾರ್ಥನಾ ಮಂದಿರ ಸಿಗುತ್ತದೆ. ಈಗ ಅದು ಯಹೂದಿ ನಿರಾಶ್ರಿತರ ವಸ್ತುಸಂಗ್ರಹಾಲಯ.

1938ರ ನವೆಂಬರಿನಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾಗಳಲ್ಲಿ ಯಹೂದಿಗಳ ಅಂಗಡಿ, ಮಂದಿರಗಳ ಮೇಲೆ ದಾಳಿ ನಡೆದ ಬಳಿಕ ದೇಶ ಬಿಡಲು ಹೊರಟವರಿಗೆ ಒಂದರ ಹಿಂದೊಂದು ಬಾಗಿಲು ಮುಚ್ಚತೊಡಗಿತು. ಬಂದಿಳಿಯುವವರಿಂದ ವೀಸಾ ಕೇಳದಿದ್ದ ಬಂದರು ಶಾಂಘೈ. ವಿಯೆನ್ನಾದಲ್ಲಿ ಚೀನಾದ ಕಾನ್ಸಲ್ ಜನರಲ್ ಆಗಿದ್ದ ಹೋ ಫೆಂಗ್‌ಶಾನ್ ಬರೆದುಕೊಟ್ಟ ವೀಸಾಗಳು ಎಷ್ಟೋ ಕುಟುಂಬಗಳಿಗೆ ಅಲ್ಲಿಂದ ಹೊರಡುವ ಅನುಮತಿ ದೊರಕಿಸಿದವು. ಇಟಲಿಯ ಜಿನೋವಾ, ಟ್ರಿಯೆಸ್ಟ್‌ಗಳಿಂದ ಹೊರಟ ಹಡಗುಗಳು ಸುಯೆಜ್ ದಾಟಿ, ಮುಂಬಯಿಯನ್ನು ಮುಟ್ಟಿ ಪೂರ್ವಕ್ಕೆ ಸಾಗುತ್ತಿದ್ದವು. ಹೀಗೆ ಸುಮಾರು 18,000ದಿಂದ 20,000 ಜನ ಶಾಂಘೈ ಸೇರಿದರು. ಮುಂಬಯಿಯಲ್ಲಿ ಬೆಳೆದ ಬಾಗ್ದಾದಿ ಯಹೂದಿ ವ್ಯಾಪಾರಿ ಮನೆತನವಾದ ಸಸೂನ್‌ನ ವಿಕ್ಟರ್ ಸಸೂನ್, ಬಂದವರಿಗೆ ತಮ್ಮ ಕಟ್ಟಡದಲ್ಲಿ ಆಸರೆ ಕೊಟ್ಟರು.

1941ರ ಡಿಸೆಂಬರ್ 8ರಂದು ಜಪಾನೀ ಸೇನೆ, ಶಾಂಘೈಯೊಳಗೆ ಬ್ರಿಟನ್, ಅಮೆರಿಕ ಮೊದಲಾದ ಹೊರದೇಶಗಳವರು ಆಳುತ್ತಿದ್ದ ‘ಅಂತರರಾಷ್ಟ್ರೀಯ ವಸಾಹತು’ ಎಂಬ ಭಾಗವನ್ನೂ ವಶಪಡಿಸಿಕೊಂಡ ಮೇಲೆ ಬದುಕು ಬಿಗಿಯಾಯಿತು. ಅದಕ್ಕೆ ಕೆಲವೇ ದಿನಗಳ ಮುಂಚೆ ಜರ್ಮನಿ, ಹೊರದೇಶಗಳಲ್ಲಿರುವ ತನ್ನ ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡಿತ್ತು. 1943ರ ಫೆಬ್ರವರಿ 18ರಂದು ಜಪಾನೀ ಆಡಳಿತ ಹೊರಡಿಸಿದ ಪ್ರಕಟಣೆಯಲ್ಲಿ ‘ಯಹೂದಿ’ ಎಂಬ ಪದ ಎಲ್ಲಿಯೂ ಇರಲಿಲ್ಲ. 1937ರ ನಂತರ ಬಂದ ‘ದೇಶವಿಲ್ಲದ ನಿರಾಶ್ರಿತರು’ ಮೇ 18ರೊಳಗೆ ಹಾಂಗ್‌ಕೌನಲ್ಲಿ ಗೊತ್ತುಪಡಿಸಿದ ಪ್ರದೇಶಕ್ಕೆ ಸ್ಥಳಾಂತರವಾಗಬೇಕು ಎಂದಷ್ಟೇ ಅದರಲ್ಲಿತ್ತು. ಯಾರನ್ನು ಕುರಿತದ್ದೆಂದು ಮಾತ್ರ ಎಲ್ಲರಿಗೂ ತಿಳಿದಿತ್ತು.

ಹತ್ತಿರದ ಹುವೋಶಾನ್ ಉದ್ಯಾನದಲ್ಲಿ ಚೀನೀ, ಇಂಗ್ಲಿಷ್, ಹೀಬ್ರೂ ಭಾಷೆಗಳ ಕಲ್ಲಿನ ಫಲಕವೊಂದಿದೆ. ಪಶ್ಚಿಮಕ್ಕೆ ಗಾಂಗ್‌ಪಿಂಗ್ ರಸ್ತೆ, ಪೂರ್ವಕ್ಕೆ ಟಾಂಗ್‌ಬೈ ರಸ್ತೆ, ದಕ್ಷಿಣಕ್ಕೆ ಹುಯಿಮಿನ್ ರಸ್ತೆ, ಉತ್ತರಕ್ಕೆ ಝೌಜಿಯಾಝುಯಿ ರಸ್ತೆ ಎಂದು ಆ ಪ್ರದೇಶದ ಎಲ್ಲೆಗಳು ಅದರಲ್ಲಿ ಕೆತ್ತಲ್ಪಟ್ಟಿವೆ. ಆ ಎಲ್ಲೆಗುಂಟ ನಡೆದು ನೋಡಿದೆ. ಎಲ್ಲಿಯೂ ಗೋಡೆಯಾಗಲಿ ಮುಳ್ಳುತಂತಿಯಾಗಲಿ ಇದ್ದ ಗುರುತಿಲ್ಲ, ಆಗಲೂ ಪ್ರದೇಶದ ಸುತ್ತ ಗೋಡೆ ಇರಲಿಲ್ಲ. ಜನರನ್ನು ಒಳಗೆ ಹಿಡಿದಿಟ್ಟದ್ದು ಪಾಸ್, ಮತ್ತು ಅದನ್ನು ತಪಾಸಣೆ ಮಾಡಲು ನಿರಾಶ್ರಿತರಲ್ಲಿಯೇ ಗಂಡಸರನ್ನು ಕಡ್ಡಾಯವಾಗಿ ಕಾವಲಿಗೆ ನಿಲ್ಲಿಸಿದ್ದ ವ್ಯವಸ್ಥೆ.

ಪಾಸ್ ಕೊಡುತ್ತಿದ್ದ ಜಪಾನೀ ಅಧಿಕಾರಿ ಘೋಯಾ ತನ್ನನ್ನು ‘ಯಹೂದಿಗಳ ರಾಜ’ನೆಂದು ಕರೆದುಕೊಳ್ಳುತ್ತಿದ್ದ. ಹೊರಗಿನ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದವರು ಅವನ ಕಚೇರಿಯ ಮುಂದೆ ಸಾಲುಗಟ್ಟಿ ಕಾಯಬೇಕಿತ್ತು. ಮನಸ್ಸು ಬಂದರೆ ಸಹಿ ಹಾಕುವನು, ಇಲ್ಲವಾದರೆ ಬೈದು, ಕೆನ್ನೆಗೆ ಹೊಡೆದು ಅಟ್ಟುವನು. ಪಾಸ್ ಪಡೆದವರು ‘ಹಾದುಹೋಗಬಹುದು’ ಎಂಬರ್ಥದ ಚೀನೀ ಅಕ್ಷರವಿದ್ದ ಬಿಲ್ಲೆಯನ್ನು ಅಂಗಿಗೆ ಸಿಕ್ಕಿಸಿಕೊಂಡು ಹೋಗಬೇಕಿತ್ತು. ಹೊತ್ತು ಮೀರಿ ಮರಳಿ ಸಿಕ್ಕಿಬಿದ್ದವರನ್ನು ಹೇನು ತುಂಬಿದ ಲಾಕಪ್ಪಿಗೆ ತಳ್ಳಲಾಗುತ್ತಿತ್ತು, ಅಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ ತಗುಲಿ ಸತ್ತವರಿದ್ದಾರೆ.

ಯೂರೋಪಿನ ಸಾವಿನ ಶಿಬಿರಗಳನ್ನು ನೆನೆದು ‘ಇಲ್ಲಿ ಬದುಕಿಕೊಂಡರಲ್ಲ’ ಎನ್ನುವ ಸಮಾಧಾನವನ್ನು ನಾನು ಒಪ್ಪಲಾರೆ. ಅವರಲ್ಲಿ ಬಹುಪಾಲು ಜನ ಬದುಕಿ ಉಳಿದದ್ದು ನಿಜ. ಆದರೆ ಹಸಿವನ್ನೂ ಅವಮಾನವನ್ನೂ ದಿನನಿತ್ಯದ ಕಚೇರಿ ಕೆಲಸದಂತೆ ನಡೆಸಿದ ಆ ಆಡಳಿತದ ಅನ್ಯಾಯ ಅದರಿಂದ ಕಿಂಚಿತ್ತೂ ಹಗುರವಾಗುವುದಿಲ್ಲ. ಝೌಶಾನ್ ರಸ್ತೆಯಲ್ಲಿ ಕಮಾನು ಕಿಟಕಿಗಳ ಇಟ್ಟಿಗೆ ಮನೆಗಳ ಮುಂದೆ ನಿಂತಾಗ, ಒಂದೊಂದು ಕೋಣೆಗೆ ಒಂದೊಂದು ಸಂಸಾರ ತುಂಬಿಕೊಂಡಿದ್ದ ದಿನಗಳನ್ನು ಊಹಿಸಲು ಯತ್ನಿಸಿದೆ. ಮುಂದೆ ಅಮೆರಿಕದ ಖಜಾನೆ ಕಾರ್ಯದರ್ಶಿಯಾದ ಮೈಕಲ್ ಬ್ಲೂಮೆಂಥಾಲ್ ಹುಡುಗನಾಗಿ ಇದ್ದದ್ದು ಇದೇ ಬೀದಿಯಲ್ಲಿ.

ಇದೇ ಗಲ್ಲಿಗಳಲ್ಲಿ ಸುಮಾರು ಒಂದು ಲಕ್ಷ ಬಡ ಚೀನೀಯರೂ ಅದೇ ಸೇನೆಯ ಆಳ್ವಿಕೆಯನ್ನು ಸಹಿಸಿಕೊಂಡು ಬಾಳಿದರು. 1945ರ ಜುಲೈ 17ರಂದು ಅಮೆರಿಕದ ವಿಮಾನಗಳ ಬಾಂಬುಗಳು ಇಲ್ಲಿ ಬಿದ್ದಾಗ ಮೂವತ್ತಕ್ಕೂ ಹೆಚ್ಚು ನಿರಾಶ್ರಿತರು ಸತ್ತರು, ಸತ್ತ ಚೀನೀಯರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ಅಂದು ನಿರಾಶ್ರಿತ ವೈದ್ಯರೂ ದಾದಿಯರೂ ಯಹೂದಿ, ಚೀನೀ ಎಂದು ನೋಡದೆ ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. ಒಂದು ತಿಂಗಳೊಳಗೆ ಜಪಾನ್ ಶರಣಾಯಿತು. ಪಾಸ್‌ಗಳ ಕಾಟ ಅಲ್ಲಿಗೆ ಮುಗಿಯಿತು, ಆದರೆ ಬೇರೊಂದು ದೇಶ ತಮ್ಮನ್ನು ಸೇರಿಸಿಕೊಳ್ಳುವವರೆಗೆ ಸಾವಿರಾರು ಜನ ಮತ್ತೆ ಕೆಲವು ವರ್ಷ ಇದೇ ಬೀದಿಗಳಲ್ಲಿ ಕಾಯಬೇಕಾಯಿತು.