ನಾನ್ ಟಿಯೆನ್‌ನ ಎಂಟು ಅಂತಸ್ತಿನ ಗೋಪುರ

ಸಿಡ್ನಿಯಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ದೂರದ ವೊಲೊಂಗಾಂಗ್ ಉಕ್ಕಿನ ಕಾರ್ಖಾನೆಗೆ ಹೆಸರಾದ ಊರು. ಅಲ್ಲಿನ ಹೆದ್ದಾರಿಯಿಂದಲೇ ಕಾಣುವ ನಾನ್ ಟಿಯೆನ್ ಬೌದ್ಧ ದೇವಾಲಯವನ್ನು ಎಷ್ಟೋ ಸಲ ದೂರದಿಂದ ನೋಡಿದ್ದೆನಾದರೂ, ಒಳಗೆ ಕಾಲಿಟ್ಟದ್ದು ಮೇ ತಿಂಗಳ ಒಂದು ಭಾನುವಾರ, ನಮ್ಮ ಕಚೇರಿಯ ಹಿರಿಯ ಮಹಿಳೆಯೊಬ್ಬರು ಕರೆದಾಗ. ವಿಯೆಟ್ನಾಮಿನ ಸೈಗಾನ್‌ನ ಚೀನೀ ಮೂಲದ ಮನೆತನದಲ್ಲಿ ಹುಟ್ಟಿದ ಅವರು, 1975ರಲ್ಲಿ ಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ತಾಯಿಯೊಡನೆ ದೋಣಿ ಹತ್ತಿ, ಮಲೇಷ್ಯಾದ ನಿರಾಶ್ರಿತರ ಶಿಬಿರದಲ್ಲಿ ದಿನ ಕಳೆದು ಆಸ್ಟ್ರೇಲಿಯಾಕ್ಕೆ ಬಂದವರು.

ಅಂದು ಬುದ್ಧನ ಹುಟ್ಟುಹಬ್ಬ. ಶಿಶು ಬುದ್ಧನ ಪುಟ್ಟ ವಿಗ್ರಹಕ್ಕೆ ಸೌಟಿನಿಂದ ಸುಗಂಧದ ನೀರೆರೆಯಲು ನಿಂತವರ ಸಾಲಿನಲ್ಲಿ ಚೀನೀಯರು, ವಿಯೆಟ್ನಾಮೀಯರು, ಸಿಂಹಳೀಯರು, ಧ್ಯಾನದ ತರಗತಿಯಿಂದ ಬಂದ ಬಿಳಿಯರು ಎಲ್ಲರೂ ಇದ್ದರು. 19ನೆಯ ಶತಮಾನದಲ್ಲೇ ಆಸ್ಟ್ರೇಲಿಯಾದ ಚಿನ್ನದ ಗಣಿಗಳಿಗೆ ಚೀನೀಯರೂ ಉತ್ತರ ತುದಿಯ ಥರ್ಸ್‌ಡೇ ದ್ವೀಪಕ್ಕೆ ಸಿಂಹಳೀಯರೂ ಈ ಧರ್ಮವನ್ನು ತಂದಿದ್ದರು. 1901ರ ವಲಸೆ ನಿರ್ಬಂಧ ಕಾಯ್ದೆ ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ವರ್ಣಭೇದದ ವಲಸೆ ನೀತಿ 1973ರಲ್ಲಿ ಕೊನೆಗೊಂಡ ಮೇಲೆ ಚಿತ್ರವೇ ಬದಲಾಯಿತು. 2021ರ ಜನಗಣತಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ, ಅಂದರೆ ನೂರಕ್ಕೆ 2.4ರಷ್ಟು ಮಂದಿ, ತಮ್ಮನ್ನು ಬೌದ್ಧರೆಂದು ಬರೆಸಿಕೊಂಡರು. ಈ ಬೆಳವಣಿಗೆಗೆ ಧ್ಯಾನದ ಆಕರ್ಷಣೆಯೇ ಮುಖ್ಯ ಕಾರಣವೆಂದು ನಾನೂ ನಂಬಿದ್ದೆ. ಆ ನಂಬಿಕೆ ಎಷ್ಟು ಅಪೂರ್ಣವೆಂಬುದು ತಿಳಿದದ್ದು ಆ ಹಿರಿಯ ಮಹಿಳೆ ನನ್ನನ್ನು ಗುಡ್ಡದ ಮೇಲಿನ ಎಂಟು ಅಂತಸ್ತಿನ ಗೋಪುರಕ್ಕೆ ಕರೆದೊಯ್ದ ಮೇಲೆ.

ಗೋಪುರದಲ್ಲಿರುವುದು ತೀರಿಕೊಂಡವರ ಚಿತಾಭಸ್ಮ. ಸಾಲುಸಾಲಾದ ಸಣ್ಣ ಗೂಡುಗಳಲ್ಲೊಂದರ ಮುಂದೆ ನಿಂತು, "ಅಮ್ಮ ಇಲ್ಲಿದ್ದಾರೆ" ಎಂದರು. ಈ ದೇವಾಲಯ ತೆರೆದದ್ದು 1995ರಲ್ಲಿ; ಅಲ್ಲಿಯವರೆಗೆ ತಾನು ಸತ್ತರೆ ಬೂದಿಯನ್ನು ಎಲ್ಲಿಡುತ್ತಾರೋ, ಯಾರು ಸೂತ್ರ ಪಠಿಸುತ್ತಾರೋ ಎಂಬ ಚಿಂತೆ ಆ ತಾಯಿಯನ್ನು ಬಿಟ್ಟಿರಲಿಲ್ಲವಂತೆ.

"ನಿಮ್ಮ ತಂದೆಯವರನ್ನು ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ, ಕಾವೇರಿಯ ನೀರಿಗೆ ಬಿಟ್ಟೆವು ಎಂದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

"ನನ್ನ ತಮ್ಮನೂ ನೀರಿನಲ್ಲೇ ಉಳಿದ. ದೋಣಿಯಲ್ಲಿ ಜ್ವರ ಬಂದಿತ್ತು. ಅವನದೆಂದು ಇಡಲು ಏನೂ ಇಲ್ಲ, ಹೆಸರನ್ನು ಮಾತ್ರ ಅಮ್ಮನ ಹೆಸರಿನ ಕೆಳಗೆ ಬರೆಸಿದ್ದೇನೆ."

ಗೂಡಿನ ಫಲಕವನ್ನು ಕರವಸ್ತ್ರದಿಂದ ಒರೆಸಿ, ಆ ಎರಡನೆಯ ಹೆಸರನ್ನು ಬೆರಳಿಟ್ಟು ತೋರಿಸಿದರು.