ಮರದ ಕೆಳಗೆ ಮಂಡಿಯೂರಿದ ಫ್ರಾನ್ಸಿಸ್

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನನಗೆ ಎಲ್ಲಕ್ಕಿಂತ ಮೊದಲು ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ಇದ್ದ ಮನೆ ನೋಡಬೇಕಿತ್ತು. ವಾಟರ್‌ಲೋಪ್ಲೇನ್ ಮೆಟ್ರೊದಲ್ಲಿ ಇಳಿದು ಮಗಳ ಜೊತೆ ನಡೆದೆ. 1639ರಲ್ಲಿ 13,000 ಗಿಲ್ಡರ್‌ಗೆ (ಆಗಿನ ಡಚ್ ನಾಣ್ಯ) ಅವನು ಕೊಂಡ ಮನೆ. ಸಾಲ ತೀರಲೇ ಇಲ್ಲ.

ಮೆಟ್ಟಿಲು ತುಂಬಾ ಕಡಿದು. ಹಗ್ಗ ಹಿಡಿದು ಹತ್ತಿದೆ. ಮೇಲೊಂದು ಕೋಣೆಯಲ್ಲಿ ಅಚ್ಚು ಹಾಕಿ ತೋರಿಸುತ್ತಿದ್ದರು. ತಾಮ್ರದ ತಗಡಿಗೆ ಮಸಿ ಬಳಿದು, ಒರೆಸಿ, ಮೇಲೆ ಒದ್ದೆ ಕಾಗದ ಇಟ್ಟು ಪ್ರೆಸ್ಸಿನ ಚಕ್ರ ತಿರುಗಿಸಿದರು. ಕಾಗದ ಎತ್ತಿದಾಗ ಮಗಳು, "ಅಮ್ಮಾ, ಎಲ್ಲ ಉಲ್ಟಾ ಬಂದಿದೆ ನೋಡು!" ಅಂದಳು. ಹೌದು, ಕಲಾವಿದ ಎಲ್ಲವನ್ನೂ ಎಡಬಲ ಅದಲುಬದಲಾಗಿಯೇ ಯೋಚಿಸಬೇಕು.

ನಾನು ಜಾಸ್ತಿ ಹೊತ್ತು ನಿಂತಿದ್ದು ರೆಂಬ್ರಾಂಟ್‌ನ ಒಂದೇ ಮುದ್ರಣದ ಮುಂದೆ. ಸಂತ ಫ್ರಾನ್ಸಿಸ್ ಮರದ ಕೆಳಗೆ ಪ್ರಾರ್ಥಿಸುತ್ತಿರುವ ಚಿತ್ರ, 1657ರದು. ನೋಟ್‌ಬುಕ್ ಹಾಳೆಯಷ್ಟೇ ಅಗಲ. ಮೊದಲು ಕಣ್ಣಿಗೆ ಬೀಳುವುದು ಸಂತನಲ್ಲ, ಮರ. ಗಂಟು ಗಂಟಾದ ದಪ್ಪ ಕಾಂಡ. ಆಮೇಲೆ ಮಂಡಿಯೂರಿ ಕೈ ಜೋಡಿಸಿದ ಗಡ್ಡದ ಮನುಷ್ಯ ಕಾಣುತ್ತಾನೆ. ಮುಂದೆ ಶಿಲುಬೆ.

ಚಿತ್ರದ ಕಪ್ಪು ಬಣ್ಣ ಮಖಮಲ್ಲಿನ ಹಾಗಿದೆ. ಇದರಲ್ಲಿ ಎಷ್ಟೋ ಗೆರೆಗಳನ್ನು ಆಸಿಡ್‌ನಿಂದ ಕೊರೆಸಿಲ್ಲ, ರೆಂಬ್ರಾಂಟ್ ಸೂಜಿಯಿಂದ ನೇರವಾಗಿ ತಾಮ್ರವನ್ನೇ ಗೀರಿದ್ದಾನೆ. ಇದಕ್ಕೆ ಡ್ರೈಪಾಯಿಂಟ್ ಅನ್ನುತ್ತಾರೆ. ಗೀರಿದ ಕಡೆ ಅಂಚಿನಲ್ಲಿ ತಾಮ್ರದ ಸಿಬಿರು ಏಳುತ್ತದೆ. ಮಸಿ ಅದಕ್ಕೆ ಹಿಡಿದುಕೊಂಡು ಹರಡುತ್ತದೆ. ಆದರೆ ಪ್ರತಿ ಸಲ ಪ್ರೆಸ್ಸಿನಲ್ಲಿ ಹೋದಾಗಲೂ ಸಿಬಿರು ಸವೆಯುತ್ತದೆ. ಒಳ್ಳೆಯ ಪ್ರತಿಗಳು ಕೆಲವೇ ಕೆಲವು ಬರುತ್ತವೆ. ಹಣ ಬೇಕಿದ್ದವನು ನೂರಾರು ಪ್ರತಿ ಕೊಡುವ ದಾರಿ ಹಿಡಿಯಬಹುದಿತ್ತು, ಅಲ್ವಾ?

ಹಣವಂತೂ ಬೇಕೇ ಇತ್ತು. 1656ರಲ್ಲಿ ಅವನು ದಿವಾಳಿಯಾದ. ಇದೇ ಮನೆಯ ಸಾಮಾನನ್ನೆಲ್ಲ ಬರೆದುಕೊಂಡ ಪಟ್ಟಿಯಲ್ಲಿ 363 ಬಾಬುಗಳಿವೆ. 1658ರಲ್ಲಿ ಮನೆಯೂ ಹರಾಜಾಯಿತು. ಈ ಎರಡರ ನಡುವೆ ಅವನು ಕೆತ್ತಿದ್ದು ಫ್ರಾನ್ಸಿಸ್‌ನನ್ನು. ಅಸ್ಸಿಸಿಯ ಬಟ್ಟೆ ವ್ಯಾಪಾರಿಯ ಮಗ, ಎಲ್ಲವನ್ನೂ ತಾನಾಗಿಯೇ ಬಿಟ್ಟು ಹೋದವನು. ರೆಂಬ್ರಾಂಟ್ ಬಿಡಲಿಲ್ಲ, ಅವನಿಂದ ಕಿತ್ತುಕೊಂಡರು. ಸೂಜಿ ಹಿಡಿದಾಗ ಆ ವ್ಯತ್ಯಾಸ ಅವನ ಮನಸ್ಸಿನಲ್ಲಿ ಇದ್ದೇ ಇರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮಗಳು ಕೆಳಗೆ ಇಳಿದಾಗಿತ್ತು. ನಾನು ಇನ್ನೊಮ್ಮೆ ಹತ್ತಿರ ಹೋಗಿ ಆ ಜೋಡಿಸಿದ ಕೈಗಳನ್ನು ನೋಡಿದೆ. ಕೆಲವೇ ಗೆರೆ.