ಕನ್ನಡಿ ಪೇಟೆಯ ಹಾಡು

ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರೇಲಿಯನ್ನರೂ ತುರ್ಕರೂ ಕಾದಾಡಿದ ತುರ್ಕಿಯ ಗ್ಯಾಲಿಪೊಲಿ ಪರ್ಯಾಯದ್ವೀಪಕ್ಕೆ ನನ್ನನ್ನು ಎಳೆದೊಯ್ದದ್ದು ಒಂದು ಆಸ್ಟ್ರೇಲಿಯನ್ ಹಾಡು. ಆದರೆ ಇಂದು ಬರೆಯಲು ಕುಳಿತಾಗ ನೆನಪಿಗೆ ಮೊದಲು ಬರುತ್ತಿರುವುದು ಅದೇ ಯುದ್ಧದ ಎದುರು ಪಾಳೆಯದವರಾದ ತುರ್ಕರ ಜನಪದ ಗೀತೆ. ಮೊದಲನೆಯದನ್ನು ಗಾಯಕ ಎರಿಕ್ ಬೋಗಲ್ 1971ರಲ್ಲಿ, ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ರಚಿಸಿದರು. ಅದರಲ್ಲಿ, 1915ರಲ್ಲಿ ಗ್ಯಾಲಿಪೊಲಿಯಲ್ಲಿ ಕಾಲುಗಳನ್ನು ಕಳೆದುಕೊಂಡ ಯೋಧನೊಬ್ಬ ಮುಪ್ಪಿನಲ್ಲಿ ಜಗುಲಿಯ ಮೇಲೆ ಕುಳಿತು ಹಳೆಯ ಸಂಗಾತಿಗಳ ಮೆರವಣಿಗೆಯನ್ನು ನೋಡುತ್ತಾನೆ. ಇವರೆಲ್ಲ ಯಾತಕ್ಕಾಗಿ ನಡೆಯುತ್ತಿದ್ದಾರೆಂದು ಕಿರಿಯರು ಕೇಳಿದಾಗ, ಅದೇ ಪ್ರಶ್ನೆಯನ್ನು ತನಗೂ ಹಾಕಿಕೊಳ್ಳುತ್ತಾನೆ.

ಇಸ್ತಾನ್‌ಬುಲ್‌ನ ದಿನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಡಾರ್ಡನೆಲ್ಸ್ ಜಲಸಂಧಿಯ ಏಷ್ಯಾ ದಡದಲ್ಲಿರುವ ಚಾನಕ್ಕಲೆ ನಗರದಲ್ಲಿ ಐನಾಲಿ ಚಾರ್ಶಿ, ಅಂದರೆ ಕನ್ನಡಿ ಪೇಟೆ, ಎಂಬ ಚಿಕ್ಕ ಮಾರುಕಟ್ಟೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಕಟ್ಟಡ ಅದು. ಈಗ ಅಲ್ಲಿ ಯುದ್ಧನೌಕೆಯ ಚಿತ್ರವಿರುವ ಅಗ್ಗದ ಸ್ಮರಣಿಕೆಗಳೇ ಹೆಚ್ಚು, ನನಗೆ ಒಂದೂ ಹಿಡಿಸಲಿಲ್ಲ. ಅಂಗಡಿಯೊಂದರ ಧ್ವನಿವರ್ಧಕದಲ್ಲಿ ವಾದ್ಯವೃಂದದ ಅಬ್ಬರದೊಡನೆ ಒಂದು ಹಾಡು ಕೇಳಿಬರುತ್ತಿತ್ತು. ಅದೇನೆಂದು ವಿಚಾರಿಸಿದಾಗ, ಅಂಗಡಿಯ ಹಿರಿಯರು ಅದನ್ನು ನಿಲ್ಲಿಸಿ, ಮೆಲುದನಿಯಲ್ಲಿ ತಾವೇ ಹಾಡಿ, ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಅರ್ಥ ಹೇಳಿದರು.

ಹಲವು ನುಡಿಗಳಲ್ಲಿ ಮೊದಲ ಸಾಲು ಊರಿನ ಯಾವುದೋ ಸಾಮಾನ್ಯ ವಸ್ತುವನ್ನು ತೋರಿಸುತ್ತದೆ, ಎರಡನೆಯದು ಎದೆಗೆ ಇರಿಯುತ್ತದೆ. ಚಾನಕ್ಕಲೆಯಲ್ಲಿ ಕನ್ನಡಿ ಪೇಟೆಯಿದೆ. ಅವ್ವಾ, ನಾನು ವೈರಿಯೆದುರು ಹೊರಟಿದ್ದೇನೆ. ಚಾನಕ್ಕಲೆಯಲ್ಲಿ ತುಂಬಿದ ಹೂಜಿಯಿದೆ. ತಾಯಿತಂದೆಯರು ಆಸೆ ಬಿಟ್ಟಿದ್ದಾರೆ. ಅಯ್ಯೋ ನನ್ನ ಯೌವನವೇ ಎಂಬ ಪಲ್ಲವಿ ಮತ್ತೆ ಮತ್ತೆ ಮರಳುತ್ತದೆ. ಗುಂಡೇಟು ತಿಂದು, ಸಾಯುವ ಮೊದಲೇ ಗೋರಿ ಸೇರಿದೆನೆಂದು ಹೇಳುವ ಹುಡುಗನ ಹಾಡು ಇದು.

ಇದು ಯುದ್ಧವಿರೋಧಿ ಹಾಡಲ್ಲವೇ ಎಂದೆ. ಹಿರಿಯರಿಗೆ ತುಸು ಸಿಟ್ಟು ಬಂತು. “ಇದು ನಮ್ಮ ಹುತಾತ್ಮರ ಹಾಡು. ಮಾರ್ಚ್ 18ರಂದು ಶಾಲೆಯ ಮಕ್ಕಳೂ ಹಾಡುತ್ತಾರೆ” ಎಂದರು. 1915ರ ಆ ದಿನ ಬ್ರಿಟಿಷ್ ಮತ್ತು ಫ್ರೆಂಚ್ ನೌಕಾಪಡೆಗಳು ಈ ಜಲಸಂಧಿಯಲ್ಲಿ ಸೋತು ಹಿಂದೆ ಸರಿದಿದ್ದವು. ಹಾಗಾದರೆ ಹಾಡಿನಲ್ಲಿ ಆ ಗೆಲುವು ಎಲ್ಲಿದೆ ಎಂದು ಕೇಳಿದಾಗ ಅವರು ಬೆರಳು ಮಡಿಸುತ್ತ ನುಡಿಗಳನ್ನು ಗುನುಗಿಕೊಂಡರು, ಅರ್ಧದಲ್ಲಿ ತಡವರಿಸಿದರು. ಪಕ್ಕದ ಅಂಗಡಿಯ ಹೆಂಗಸು ಬಂದು, ಎತ್ತರದ ಸೈಪ್ರೆಸ್ ಮರದ ನುಡಿಯನ್ನು ಬಿಟ್ಟಿರೆಂದು ತಿದ್ದಿದರು: ನಮ್ಮಲ್ಲಿ ಕೆಲವರಿಗೆ ನಿಶ್ಚಿತಾರ್ಥವಾಗಿದೆ, ಕೆಲವರಿಗೆ ಮದುವೆಯಾಗಿದೆ. ಅದು ಹೂಜಿಯ ನುಡಿಗಿಂತ ಮೊದಲು ಬರುತ್ತದೋ ಆಮೇಲೋ ಎಂದು ಇಬ್ಬರಲ್ಲೂ ವಾದ ಹತ್ತಿತು, ನನ್ನ ಪ್ರಶ್ನೆ ಅಲ್ಲಿಗೇ ನಿಂತಿತು.

ಮರುದಿನ ದೋಣಿಯಲ್ಲಿ ಗ್ಯಾಲಿಪೊಲಿಯಿರುವ ಆಚೆ ದಡಕ್ಕೆ ಹೋದೆ. ಸುವ್ಲಾ ಕೊಲ್ಲಿಗೂ ಕರೆದೊಯ್ಯುವುದಾಗಿ ಮುಂಗಡ ಪಡೆದಿದ್ದ ವಾಹನದವನು ಆಸ್ಟ್ರೇಲಿಯನ್ ಯೋಧರ ಲೋನ್ ಪೈನ್ ಸ್ಮಾರಕದಿಂದಲೇ ಗಾಡಿ ತಿರುಗಿಸಿದ. ಆ ಕೋಪ ಇನ್ನೂ ಆರಿಲ್ಲ. ಹೋಗುವವರು ನೋಡಬೇಕಾದ ಸ್ಥಳಗಳನ್ನೆಲ್ಲ ಕಾಗದದ ಮೇಲೆ ಬರೆಸಿಕೊಂಡ ಮೇಲೆಯೇ ಹಣ ಕೊಡಬೇಕು. ಬೋಗಲ್‌ರ ಹಾಡಿನಲ್ಲಿ ಬರುವುದು ಸುವ್ಲಾ; ಆದರೆ ಆಸ್ಟ್ರೇಲಿಯನ್ನರ ಮುಖ್ಯ ಪಡೆ ಏಪ್ರಿಲ್ 25ರಂದು ಇಳಿದದ್ದು ಅದರ ದಕ್ಷಿಣಕ್ಕಿರುವ ಆನ್ಜಾಕ್ ಕೊಲ್ಲಿಯಲ್ಲಿ. ಈ ತಪ್ಪಿನಿಂದ ಹಾಡು ಸೊರಗಿದೆಯೆಂದು ನನಗನಿಸದು. ನನಗೆ ಅದರಲ್ಲಿ ಒಗ್ಗದಿರುವುದು ಬೇರೆ: ಅದು ಕೇಳುಗನಿಗೆ ತೀರ್ಪನ್ನು ಸಿದ್ಧಪಡಿಸಿಕೊಡುತ್ತದೆ. ತುರ್ಕಿಯ ಹಾಡು ವಾದಿಸುವುದಿಲ್ಲ, ಯಾರನ್ನೂ ಬಯ್ಯುವುದಿಲ್ಲ. ಆದ್ದರಿಂದಲೇ ವಿಜಯೋತ್ಸವದ ವೇದಿಕೆಯನ್ನೂ ಹತ್ತಿ, ಅಲ್ಲಿ ಆಸೆ ಬಿಟ್ಟ ತಾಯಂದಿರ ಮಾತನ್ನೇ ಆಡುತ್ತದೆ. ಅದನ್ನು ಕೇಳಬಯಸುವವರು ತುತ್ತೂರಿ, ನಗಾರಿಗಳ ಧ್ವನಿಮುದ್ರಿಕೆಯನ್ನು ಬಿಟ್ಟು, ಬಾಲಮಾ ಎಂಬ ತಂತಿವಾದ್ಯದೊಡನೆ ಒಬ್ಬರೇ ಹಾಡಿರುವುದನ್ನು ಹುಡುಕಿಕೊಳ್ಳಲಿ.